ಐದು ವಾರದ ಕೂಸು: ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕೋ, ಬೆಳಗಿನವರೆಗೆ ಕಾಯಬಹುದೋ?

ಪ್ರಶ್ನೆ – ಬಾಣಂತಿ, ಮಾನ್ವಿ ತಾಲ್ಲೂಕು

ಹೆರಿಗೆಗೆ ಬಂದವಳು ಇನ್ನೂ ತವರಿನಲ್ಲೇ ಇದ್ದೇನೆ. ಮಗಳಿಗೆ ಈಗ ಐದು ವಾರ. ಮೊನ್ನೆ ಸಂಜೆ ಅವಳ ಮೈ ಸುಡುತ್ತಿತ್ತು; ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 99.8 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಹಗಲೆಲ್ಲ ಬಿಸಿಲಿಗೆ ತಗಡಿನ ಮಾಡು ಕಾದಿತ್ತು, ಕೂಸಿಗೆ ಕುಲಾಯಿ ಕಟ್ಟಿ ಎರಡು ಪದರ ಹೊದಿಸಿದ್ದೆವು, ಹಾಗಾಗಿ ಇದು ಬರೀ ಧಗೆ ಎಂದು ತಾಯಿ ಹೇಳಿದರು. ಹೊದಿಕೆ ತೆಗೆದು ಅರ್ಧ ತಾಸಿನ ನಂತರ ನೋಡಿದಾಗ 98.6ಕ್ಕೆ ಇಳಿದಿತ್ತು, ಹಾಲನ್ನೂ ಕುಡಿದಳು. ಆಸ್ಪತ್ರೆಗೆ ಹೋಗಲಿಲ್ಲ, ಆದರೆ ಬೆಳಗಿನವರೆಗೂ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಹಳ್ಳಿಯಿಂದ ರಾಯಚೂರು ಒಂದೂವರೆ ತಾಸಿನ ದಾರಿ. ಇದೇ ಮನೆಯಲ್ಲಿ ಅಕ್ಕನ ಒಂಬತ್ತು ತಿಂಗಳ ಮಗನೂ ಇದ್ದಾನೆ. ಅವನ ಮೈ ಬೆಚ್ಚಗಾದರೆ ಒಂದು ದಿನ ನೋಡೋಣ ಎನ್ನುತ್ತೇವೆ. ಇಬ್ಬರಿಗೂ ಅದೇ ಲೆಕ್ಕ ಸರಿಯೇ? ಯಾವ ಗುರುತು ಕಂಡರೆ ಕಾಯದೆ ಹೊರಡಬೇಕು?

ಉತ್ತರ – ನಿವೃತ್ತ ಆರೋಗ್ಯ ಸಹಾಯಕಿ, ಲಿಂಗಸೂಗೂರು

ಇಬ್ಬರಿಗೂ ಒಂದೇ ಲೆಕ್ಕ ಸಲ್ಲದು. ಎರಡು ತಿಂಗಳು ತುಂಬದ ಕೂಸಿಗೆ ಸೋಂಕು ತಗಲಿದರೆ ಅದು ಕೆಲವೇ ತಾಸುಗಳಲ್ಲಿ ರಕ್ತಕ್ಕೆ ಹರಡಬಹುದು, ಮತ್ತು ಕೂಸು ಅದನ್ನು ತೋರಿಸಿಕೊಳ್ಳುವುದು ಬಹಳ ಕಡಿಮೆ. ಆದ್ದರಿಂದ ಈ ವಯಸ್ಸಿನಲ್ಲಿ ‘ಒಂದು ದಿನ ನೋಡೋಣ’ ಎಂಬ ಮಾತೇ ಬೇಡ. ಕಂಕುಳಲ್ಲಿ 99.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೀವು ಮಾಡಿದಂತೆ ಹೊದಿಕೆ ಸಡಿಲಿಸಿ, ಗಾಳಿಯಾಡುವ ಕಡೆ ಮಲಗಿಸಿ, ಅರ್ಧ ತಾಸಿನೊಳಗೆ ಮತ್ತೆ ನೋಡಿ; ಆಗಲೂ ಇಳಿಯದಿದ್ದರೆ ಆ ರಾತ್ರಿಯೇ ಹೊರಡಿ. ಹಾಲು ಬಿಟ್ಟಿದ್ದರೆ ಅಥವಾ ಕೂಸು ಮಂಕಾಗಿದ್ದರೆ ಆ ಅರ್ಧ ತಾಸನ್ನೂ ಕಾಯಬೇಡಿ; ಅಳತೆ ಇಳಿದಿದ್ದರೂ ಹೊರಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಹನಿಯನ್ನು ವೈದ್ಯರ ಮಾತಿಲ್ಲದೆ ಹಾಕಬಾರದು, ಏಕೆಂದರೆ ಅದು ಜ್ವರವನ್ನು ಮುಚ್ಚುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ.

ಜ್ವರಕ್ಕಿಂತಲೂ ಉಸಿರನ್ನು ನೋಡಲು ಕಲಿಯಿರಿ ಎಂದು ನಾನು ಪ್ರತಿ ಮನೆಯಲ್ಲೂ ಹೇಳುತ್ತಿದ್ದೆ. ಕೂಸು ಅಳದೆ ಇರುವಾಗ ಅಂಗಿಯನ್ನು ಎದೆಯವರೆಗೆ ಸರಿಸಿ, ಹೊಟ್ಟೆ ಏರಿ ಇಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೂಸಿನ ಉಸಿರಾಟ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಅರ್ಧ ನಿಮಿಷ ಎಣಿಸಿ ದ್ವಿಗುಣ ಮಾಡಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಅದು ಅಪಾಯ. ನಿಮ್ಮ ಅಕ್ಕನ ಮಗನಿಗೆ ಈ ಮಿತಿ 50. ಉಸಿರೆಳೆದಾಗ ಪಕ್ಕೆಲುಬುಗಳ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಕೆಗೂ ಕಾಯಬೇಡಿ. ಫಿಟ್ಸ್‌ನ ಝಟಕೆ ಬಂದರೆ, ಮುಟ್ಟಿ ಎಬ್ಬಿಸಿದರೆ ಮಾತ್ರ ಕೈಕಾಲು ಆಡಿಸುತ್ತಿದ್ದರೆ, ಅಂಗೈ ಅಂಗಾಲುಗಳವರೆಗೆ ಕಾಮಾಲೆಯ ಹಳದಿ ಇಳಿದಿದ್ದರೆ ಆಗಲೂ ಅಷ್ಟೆ.

ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮನೆಗೆ ಬರುವ ಸರದಿಯಲ್ಲಿ ಕೊನೆಯದು 42ನೇ ದಿನದ ಭೇಟಿ. ನಿಮ್ಮ ಮನೆಗೆ ಅದು ಇನ್ನೂ ಬಾಕಿ ಇರಬೇಕು. ಅಂದು ಅವರ ಎದುರಿಗೇ ಎಣಿಸಿ ಕಲಿತುಕೊಳ್ಳಿ.

ಉತ್ತರ – ಇಬ್ಬರು ಮಕ್ಕಳ ತಾಯಿ, ಕೊಪ್ಪಳ

ಮೇಲೆ ಬರೆದದ್ದಕ್ಕೆ ನನ್ನ ಅನುಭವವನ್ನು ಸೇರಿಸಬೇಕೆನಿಸಿತು. ನನ್ನ ಎರಡನೆಯ ಮಗ ಹದಿನೆಂಟು ದಿನದವನಿದ್ದಾಗ ಜ್ವರವೇ ಬರಲಿಲ್ಲ, ಅದಕ್ಕಾಗಿಯೇ ನಾವು ಮೋಸಹೋದೆವು. ಮಧ್ಯಾಹ್ನ ಎದೆಗೆ ಹಿಡಿದರೆ ತೊಟ್ಟನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಮಲಗಿದ, ಚೀಪಲಿಲ್ಲ. ‘ಶಾಂತ ಕೂಸು’ ಎಂದು ಎಲ್ಲರೂ ಮೆಚ್ಚಿದರು. ರಾತ್ರಿ ಪಾದ ಮುಟ್ಟಿದರೆ ತಣ್ಣಗಿತ್ತು, ಹೊಟ್ಟೆ ಮುಟ್ಟಿದರೆ ಅದೂ ತಣ್ಣಗಿತ್ತು. ಹಿರಿಯರೊಬ್ಬರು ಬಾಲಗ್ರಹವೆಂದು ಹೇಳಿ, ಬೆಳಿಗ್ಗೆ ಹೊಟ್ಟೆಗೆ ಬರೆ ಹಾಕಿಸೋಣ ಎಂದರು. ನನ್ನ ಅತ್ತೆ ಒಪ್ಪಲಿಲ್ಲ. ಆ ನಡುರಾತ್ರಿಯಲ್ಲಿ ಅವರೇ ಕೂಸನ್ನೆತ್ತಿಕೊಂಡು ಹೊರಟರು. ಥರ್ಮಾಮೀಟರ್ 95ಕ್ಕಿಂತ ಕೆಳಗಿತ್ತು, ರಕ್ತದಲ್ಲಿ ಸೋಂಕಿತ್ತು. ನವಜಾತ ಶಿಶುಗಳ ಘಟಕದಲ್ಲಿ ಹತ್ತು ದಿನ ಇಂಜೆಕ್ಷನ್ ಕೊಟ್ಟು ಉಳಿಸಿದರು. ಕೂಸಿನ ಮೈ 95.9ಕ್ಕಿಂತ ಕೆಳಗಿಳಿದರೆ ಅದೂ ಜ್ವರದಷ್ಟೇ ಅಪಾಯವೆಂದು ನನಗೆ ತಿಳಿದದ್ದು ಅಲ್ಲಿಯೇ. ಬರೆ ಹಾಕಿದ್ದರೆ ಸುಟ್ಟ ಗಾಯವೇ ಇನ್ನೊಂದು ಸೋಂಕಿಗೆ ಬಾಗಿಲಾಗುತ್ತಿತ್ತು. ನಮ್ಮ ಭಾಗದಲ್ಲಿ ಇದು ಇನ್ನೂ ನಿಂತಿಲ್ಲವೆಂಬ ಸಂಕಟದಿಂದ ಬರೆಯುತ್ತಿದ್ದೇನೆ.

ಉತ್ತರ – ಒಂದು ಮಗುವಿನ ತಂದೆ, ಸಿರುಗುಪ್ಪ

ಹೊರಡುವುದು ಹೇಗೆ ಎಂಬುದನ್ನು ಇಂದೇ ತೀರ್ಮಾನಿಸಿಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿಗಳಿಗೂ ಹಣ ಕೊಡಬೇಕಿಲ್ಲ. ತಾಯಿ ಕಾರ್ಡನ್ನು ಚೀಲದಲ್ಲೇ ಇಡಿ. ದಾರಿಯುದ್ದಕ್ಕೂ ಕೂಸನ್ನು ನಿಮ್ಮ ಬರಿಯ ಎದೆಗೆ ಅವಚಿಕೊಂಡು ಮೇಲೆ ಸೆರಗು ಹೊದೆಯಿರಿ, ಕುಡಿಯುವಂತಿದ್ದರೆ ಹಾಲು ಕೊಡುತ್ತಲೇ ಇರಿ.

ಒಂಬತ್ತು ತಿಂಗಳ ಮಗುವಿಗೆ ಈ ಬಿಸಿಲಿನಲ್ಲಿ ಭೇದಿಯನ್ನೂ ಕಡೆಗಣಿಸಬಾರದು. ಒಂದು ದೊಡ್ಡ ಪೊಟ್ಟಣ ಓಆರ್‌ಎಸ್‌ಗೆ ಒಂದು ಲೀಟರ್ ಶುದ್ಧ ನೀರು, ಪ್ರತಿ ಭೇದಿಯ ನಂತರ ಕಾಲು ಬಟ್ಟಲಿನಿಂದ ಅರ್ಧ ಬಟ್ಟಲು, ಚಮಚದಲ್ಲಿ ನಿಧಾನವಾಗಿ. ಕಣ್ಣು ಒಳಗೆ ಹೋದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ತಡವಾಗಿ ಇಳಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಮರುಪ್ರಶ್ನೆ – ಬಾಣಂತಿ, ಮಾನ್ವಿ ತಾಲ್ಲೂಕು

ಎಲ್ಲವನ್ನೂ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊಪ್ಪಳದ ಅಕ್ಕನವರ ಮಾತು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಒಂದೇ ಸಂದೇಹ ಉಳಿದಿದೆ: ಕೂಸು ಹಾಲು ಬಿಟ್ಟಿದೆಯೋ, ನಿದ್ದೆಯಲ್ಲಿದೆಯೋ ಎಂದು ತಿಳಿಯುವುದು ಹೇಗೆ?

ಉತ್ತರ – ನಿವೃತ್ತ ಆರೋಗ್ಯ ಸಹಾಯಕಿ, ಲಿಂಗಸೂಗೂರು

ಈ ವಯಸ್ಸಿನ ಕೂಸು ಹಗಲು ರಾತ್ರಿ ಸೇರಿ ಕನಿಷ್ಠ ಎಂಟು ಸಲ ಹಾಲು ಕುಡಿಯಬೇಕು, ಆರಕ್ಕೆ ಕಡಿಮೆಯಿಲ್ಲದಂತೆ ಬಟ್ಟೆ ಒದ್ದೆ ಮಾಡಬೇಕು. ಸಂದೇಹ ಬಂದಾಗ ಬಟ್ಟೆ ಬಿಚ್ಚಿ, ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಿದ್ದೆಯಲ್ಲಿದ್ದ ಕೂಸು ಮುಖ ಕಿವುಚಿ, ಕಾಲೆಳೆದುಕೊಂಡು ಅಳುತ್ತದೆ, ಎದೆಗೆ ಹಿಡಿದರೆ ಚೀಪುತ್ತದೆ, ನುಂಗುವ ಸದ್ದು ನಿಮಗೇ ಕೇಳಿಸುತ್ತದೆ. ಎಬ್ಬಿಸಿದರೂ ಚೀಪದಿದ್ದರೆ, ಅಥವಾ ನಾಲ್ಕು ಗುಟುಕಿಗೇ ದಣಿದು ಬಿಟ್ಟರೆ, ಮುಂದಿನ ಹಾಲಿನ ಹೊತ್ತಿಗೆ ಕಾಯದೆ 108ಕ್ಕೆ ಕರೆ ಮಾಡಿ.