ಪದ ಬೇಕು: ಜೈಲಿನಲ್ಲಿ ಕೊಡುವ ಮೆಥಡೋನ್ 'ಚಟ ಬಿಡಿಸುವ' ಔಷಧವಾ?

ಎಲ್ಲರಿಗೂ ನಮಸ್ಕಾರ,

ಕೋಲಾರದಲ್ಲಿ ವಕೀಲಿ ಮಾಡುವ ಗೆಳೆಯರೊಬ್ಬರು ತಮ್ಮ ಬಳಗದವರು ಓದಲಿ ಅಂತ ಒಂದು ಬರಹವನ್ನು ಕನ್ನಡಕ್ಕೆ ಮಾಡಿಕೊಡಲು ಕೇಳಿದ್ದಾರೆ. ವಿಷಯ ಅಮೆರಿಕದ್ದು. ಹೆರಾಯಿನ್, ಫೆಂಟನಿಲ್, ಬಲವಾದ ನೋವಿನ ಮಾತ್ರೆ ಇಂಥ ಅಫೀಮು ಜಾತಿಯ ಡ್ರಗ್ಸ್ ಚಟಕ್ಕೆ ಬಿದ್ದು ಕೇಸು, ಜೈಲು, ಪರೋಲ್ ಅಂತ ಸುತ್ತುತ್ತಿರುವವರಿಗೆ ಚಿಕಿತ್ಸೆ ತಲುಪಿಸುವುದು ಹೇಗೆ ಅನ್ನುವ ಸಂಶೋಧನೆಗೆ ಅಲ್ಲಿನ ಸರ್ಕಾರ ದುಡ್ಡು ಕೊಟ್ಟಿದ್ದು. 2018ರಲ್ಲಿ 'ಹೀಲ್' ಅಂತ ಒಂದು ದೊಡ್ಡ ಯೋಜನೆ ಶುರುವಾಯಿತು. ಅದರ ಕೆಳಗೆ 2019ರಲ್ಲಿ 'ಜೇಕಾಯಿನ್' ಅನ್ನುವ ಸಂಶೋಧನಾ ಜಾಲಕ್ಕೆ ಐದು ವರ್ಷದ ಲೆಕ್ಕದಲ್ಲಿ ಸುಮಾರು 15.5 ಕೋಟಿ ಡಾಲರ್ ಇಟ್ಟರು. ಇದನ್ನೆಲ್ಲ ಬರೆಯುವುದು ಕಷ್ಟವಾಗಲಿಲ್ಲ. ಚಿಕಿತ್ಸೆಯ ಹೆಸರಿಗೆ ಬಂದಾಗ ಪೆನ್ನು ನಿಂತಿತು.

ನಮ್ಮಲ್ಲಿ ಚಟಕ್ಕೆ ಮದ್ದು ಅಂದರೆ 'ಬಿಡಿಸುವುದು' ಅಲ್ವಾ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ 'ಕುಡಿತ ಬಿಡಿಸಲಾಗುವುದು', ಊರಲ್ಲಿ ಮದ್ಯವರ್ಜನ ಶಿಬಿರ, ಆಸ್ಪತ್ರೆ ಬೋರ್ಡಿನ ಮೇಲೆ ವ್ಯಸನಮುಕ್ತಿ ಕೇಂದ್ರ. ಬಿಡಿಸು, ವರ್ಜನ, ಮುಕ್ತಿ. ಮೂರಕ್ಕೂ ಅರ್ಥ ಒಂದೇ, ಪೂರ್ತಿ ನಿಲ್ಲಿಸಬೇಕು. ಆದರೆ ಈ ಬರಹದಲ್ಲಿ ಬರುವ ಮೂರು ಔಷಧಗಳಲ್ಲಿ ಎರಡು, ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್, ತಾವೇ ಅಫೀಮು ಜಾತಿಯವು. ವೈದ್ಯರ ಉಸ್ತುವಾರಿಯಲ್ಲಿ ಅಳತೆಯಲ್ಲಿ ಕೊಡುತ್ತಾರೆ, ತಿಂಗಳಲ್ಲ, ಎಷ್ಟೋ ಸಲ ವರ್ಷಗಟ್ಟಲೆ. ಡ್ರಗ್ಸ್ ನಿಂತಾಗ ಬರುವ ಮೈಕೈ ನೋವು, ಭೇದಿ, ಮೂಗಲ್ಲಿ ನೀರು, ನಿದ್ದೆ ಇಲ್ಲದ ಒದ್ದಾಟ ಇವೆಲ್ಲ ತಗ್ಗಿ ಮನುಷ್ಯ ಕೆಲಸಕ್ಕೆ ಹೋಗುವ ಹಾಗಾಗುತ್ತಾನೆ. ಇದಕ್ಕೆ 'ಚಟ ಬಿಡಿಸುವ ಔಷಧ' ಅಂತ ಬರೆದರೆ ಓದಿದವರು ಎರಡನೇ ಪುಟದಲ್ಲೇ 'ಒಂದು ಬಿಡಿಸಿ ಇನ್ನೊಂದು ಹಿಡಿಸಿದರು' ಅನ್ನುತ್ತಾರೆ. ವಕೀಲರು ಅಂದೇಬಿಟ್ಟರು ಕೂಡ!

ಇದು ಸುಮ್ನೆ ಪದದ ತಕರಾರಲ್ಲ. ನಮ್ಮ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಡ್ರಗ್ಸ್ ವಿರುದ್ಧದ ಕಾನೂನು, 1985ರದ್ದು, ಅದರ 64ಎ ಕಲಂ ನೋಡಿ. ಡ್ರಗ್ಸ್ ಸೇವಿಸಿದ ಕೇಸಿನಲ್ಲಿ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡರೆ ಅವನ ಮೇಲೆ ಮೊಕದ್ದಮೆ ಇಲ್ಲ. ಆದರೆ ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ವಾಪಸ್ ಹೋಗಬಹುದು. ಅಲ್ಲಿರುವ ಇಂಗ್ಲಿಷ್ ಪದ ಡಿ-ಅಡಿಕ್ಷನ್. ಅಂದರೆ ಅದೇ 'ಬಿಡಿಸುವುದು'. ವರ್ಷಗಟ್ಟಲೆ ನಡೆಯುವ ಔಷಧ 'ಪೂರ್ತಿ' ಆಗುವುದು ಯಾವತ್ತು? ಮಾತ್ರೆ ನಿಲ್ಲಿಸಿದ ದಿನವಾ? ವಕೀಲರ ಕುತೂಹಲ ಇರುವುದೂ ಇಲ್ಲೇ.

ನನಗೆ ಹೊಳೆದದ್ದು 'ಹತೋಟಿ ಔಷಧ'. ಶುಗರ್, ಬಿಪಿ ಇರುವವರು 'ಹತೋಟಿಯಲ್ಲಿದೆ' ಅಂತಾರೆ, ವಾಸಿಯಾಯಿತು ಅನ್ನಲ್ಲ, ಮಾತ್ರೆಯನ್ನೂ ಬಿಡಲ್ಲ, ಅವರನ್ನು ಯಾರೂ ಮಾತ್ರೆಯ ದಾಸ ಅಂತ ಕರೆಯಲ್ಲ. 'ನಿರ್ವಹಣಾ ಚಿಕಿತ್ಸೆ' ಅಂತ ಬರೆಯಬಹುದು, ಆದರೆ ಅದು ನೀರಿನ ಟ್ಯಾಂಕಿನ ಟೆಂಡರ್ ಓದಿದ ಹಾಗಿರುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಗಂಟು. ಮೈ ಔಷಧಕ್ಕೆ ಒಗ್ಗಿ ಅದು ಜಾಸ್ತಿ ಜಾಸ್ತಿ ಬೇಕಾಗುವುದಕ್ಕೆ ನಿಘಂಟಿನವರು 'ಸಹಿಷ್ಣುತೆ' ಅಂತಾರೆ. ಓದಿದರೆ ಸರ್ವಧರ್ಮ ಸಮ್ಮೇಳನ ನೆನಪಾಗುತ್ತದೆ. ನಾನು 'ಒಗ್ಗಿಕೆ' ಅಂತ ಬಳಸಿದ್ದೇನೆ. ಈ ಪದ ಸರಿಯಾಗಿ ಕೂರಲೇಬೇಕು, ಯಾಕಂದರೆ ಇಡೀ ಬರಹದ ಪ್ರಾಣ ಅದರಲ್ಲಿದೆ. ಜೈಲಿನಲ್ಲಿ ಡ್ರಗ್ಸ್ ಸಿಗದೆ ಒಗ್ಗಿಕೆ ಇಳಿದುಹೋಗುತ್ತದೆ. ಹೊರಗೆ ಬಂದವನು ಹಳೇ ಅಳತೆಯನ್ನೇ ತಗೊಳ್ಳುತ್ತಾನೆ, ಉಸಿರು ನಿಲ್ಲುತ್ತದೆ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆ ಆದವರ ಮೇಲೆ ನಡೆದು 2007ರಲ್ಲಿ ಬಂದ ಅಧ್ಯಯನದಲ್ಲಿ, ಹೊರಗೆ ಬಂದ ಮೊದಲ ಎರಡು ವಾರ ಡ್ರಗ್ಸ್ ಅತಿಯಾಗಿ ಸಾಯುವ ಅಪಾಯ ಆ ರಾಜ್ಯದ ಬೇರೆ ಜನರಿಗಿಂತ 129 ಪಟ್ಟು. ರೋಡ್ ಐಲೆಂಡ್ ಅನ್ನುವ ಪುಟ್ಟ ರಾಜ್ಯ 2016ರಲ್ಲಿ ತನ್ನ ಜೈಲುಗಳಲ್ಲಿ ಮೂರೂ ಔಷಧ ಕೊಡಲು ಶುರುಮಾಡಿತು. 2016ರ ಮೊದಲ ಆರು ತಿಂಗಳಿಗೆ ಹೋಲಿಸಿದರೆ 2017ರ ಅದೇ ಆರು ತಿಂಗಳಲ್ಲಿ, ಜೈಲಿನಿಂದ ಹೊರಬಂದವರಲ್ಲಿ ಇಂಥ ಸಾವು ಶೇ. 61ರಷ್ಟು ಇಳಿದಿತ್ತು. ರಾಜ್ಯ ಸಣ್ಣದು, ಸಂಖ್ಯೆಯೂ ಸಣ್ಣದು, ಆದರೂ ಇಳಿಕೆ ಇಳಿಕೆಯೇ. ಬೇರೆ ಕಡೆಯೂ ಹೀಗೆ ಆಗುತ್ತದಾ, ಔಷಧ ಕೊಡಲು ಜೈಲಿನವರನ್ನು ಒಪ್ಪಿಸುವುದು ಹೇಗೆ, ಬಿಡುಗಡೆ ದಿನ ಹೊರಗಿನ ಡಾಕ್ಟರಿಗೆ ದಾಟಿಸುವುದು ಹೇಗೆ, ಇಂಥದ್ದಕ್ಕೇ ಆ ಸಂಶೋಧನೆಯ ದುಡ್ಡು.

ಒಗ್ಗಿಕೆ ಬೇರೆ, ಚಟ ಬೇರೆ ಅನ್ನುವುದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಕಿದ್ವಾಯಿಯಿಂದ ಮಾರ್ಫಿನ್ ಮಾತ್ರೆ ತಂದು ನುಂಗುವ ಕ್ಯಾನ್ಸರ್ ರೋಗಿಯ ಮೈ ಒಗ್ಗಿರುತ್ತದೆ, ಅವರಿಗೆ ಚಟ ಹತ್ತಿದೆ ಅನ್ನಕ್ಕಾಗುತ್ತಾ? 'ವ್ಯಸನ' ಹಾಕೋಣ ಅಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹಿರಿಯರು ಈಗಲೂ 'ವ್ಯಸನ ಮಾಡ್ಕೋಬೇಡಮ್ಮ' ಅಂತ ಸಾವಿನ ಮನೆಯಲ್ಲಿ ಸಮಾಧಾನ ಹೇಳುತ್ತಾರೆ. 'ಚಟ' ಅಂದರೆ ಬೈದ ಹಾಗೆ, 'ಗೀಳು' ಮನೋರೋಗದವರು ಆಗಲೇ ಬೇರೆ ಕಾಯಿಲೆಗೆ ತಗೊಂಡುಬಿಟ್ಟಿದ್ದಾರೆ. ಸದ್ಯಕ್ಕೆ ನಾನು ಕಾಯಿಲೆಯ ಮಾತು ಬಂದಲ್ಲೆಲ್ಲ 'ಚಟದ ಕಾಯಿಲೆ' ಅಂತ ಬರೆದಿದ್ದೇನೆ. ಒರಟಾಗಿದೆ, ಆದರೆ ಓದಿದ ತಕ್ಷಣ ತಿಳಿಯುತ್ತದೆ.

ಸಣ್ಣಪುಟ್ಟವು ಇನ್ನೂ ಇವೆ. 'ನ್ಯಾಯ ವ್ಯವಸ್ಥೆ' ಅಂದರೆ ನಮ್ಮವರಿಗೆ ಕಣ್ಣಿಗೆ ಬರುವುದು ಕೋರ್ಟು ಮಾತ್ರ, ಜೈಲು, ಪರೋಲ್ ಬರಲ್ಲ. ಅದಕ್ಕೆ 'ಕೋರ್ಟು-ಜೈಲು ವ್ಯವಸ್ಥೆ' ಅಂತಲೇ ಇಟ್ಟೆ. ವಿಚಾರಣೆಗೆ ಕಾಯುವವರನ್ನು, ಕಡಿಮೆ ಶಿಕ್ಷೆಯವರನ್ನು ಇಡುವ ಸ್ಥಳೀಯ ಜೈಲಿಗೂ ದೊಡ್ಡ ಶಿಕ್ಷೆಯವರ ಜೈಲಿಗೂ ಅಮೆರಿಕದಲ್ಲಿ ಬೇರೆ ಬೇರೆ ಪದ. ನಾವು ಸಬ್ ಜೈಲು, ಸೆಂಟ್ರಲ್ ಜೈಲು ಅನ್ನಬಹುದು, ಪೂರ್ತಿ ಹೊಂದಲ್ಲ. 'ಅನುದಾನ' ಅಂದರೆ ಶಾಸಕರ ದುಡ್ಡಿನ ಸಿಮೆಂಟ್ ರಸ್ತೆ. 'ಸಂಶೋಧನಾ ಧನ' ಹೇಗಿದೆ?

ಡಾಕ್ಟರುಗಳು, ಆಪ್ತಸಮಾಲೋಚಕರು ಯಾರಾದರೂ ಇಲ್ಲಿದ್ದರೆ ಒಂದು ಅನುಮಾನ ಬಗೆಹರಿಸಿ. ಮೂರನೇ ಔಷಧ ನಾಲ್ಟ್ರೆಕ್ಸೋನ್ ಅಫೀಮು ಜಾತಿಯದಲ್ಲ, ಬದಲಿಗೆ ಅದರ ಪರಿಣಾಮವನ್ನೇ ತಡೆಯುತ್ತದೆ, ಶುರು ಮಾಡುವ ಮುಂಚೆ ವಾರ-ಹತ್ತು ದಿನ ಅಫೀಮು ಜಾತಿಯ ಯಾವುದನ್ನೂ ಮುಟ್ಟಿರಬಾರದು. ಅದನ್ನೂ 'ಹತೋಟಿ ಔಷಧ' ಅಂತ ಕರೆದರೆ ತಪ್ಪಾಗುತ್ತದಾ, ಇಲ್ಲ 'ತಡೆ ಔಷಧ' ಅಂತ ಬೇರೆ ಮಾಡಬೇಕಾ?