ಡಿಸ್ಪರ್ಸ್, ಸ್ಕ್ಯಾಟರ್: ಎರಡಕ್ಕೂ ‘ಚದುರಿ’ ಅಂದರೆ ಸಾಕಾ?

ಗೆಳೆಯರೇ, ಒಂದು ಅನುವಾದದಲ್ಲಿ ಎರಡು ಪದಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕ ಸೇರಿ ಸೋವಿಯತ್ ರಷ್ಯಾಕ್ಕೆ ಉತ್ತರದ ಹಿಮಗಡಲಿನ ದಾರಿಯಲ್ಲಿ ಟ್ಯಾಂಕು, ವಿಮಾನ, ಮದ್ದುಗುಂಡು ಕಳಿಸುತ್ತಿದ್ದವಲ್ಲ, ಆ ಕತೆ. ಪಿಕ್ಯೂ 17 ಅನ್ನುವ ಕಾನ್ವಾಯ್, ಅಂದರೆ ಕಾವಲಿನ ನೌಕೆಗಳ ಜೊತೆ ಒಟ್ಟಿಗೆ ಸಾಗುವ ಹಡಗುಗಳ ಗುಂಪು, 1942ರ ಜೂನ್ 27ರಂದು 35 ಸರಕು ಹಡಗುಗಳೊಂದಿಗೆ ಐಸ್‌ಲ್ಯಾಂಡಿನಿಂದ ರಷ್ಯಾದ ಅರ್ಖಾಂಗೆಲ್ಸ್ಕ್ ಬಂದರಿನ ಕಡೆ ಹೊರಟಿತು.

ಜುಲೈ 4ರ ರಾತ್ರಿ ಲಂಡನ್ನಿನಿಂದ ಬೆನ್ನುಬೆನ್ನಿಗೆ ಸಂದೇಶ ಬಂದವು. ಜರ್ಮನಿಯ ದೊಡ್ಡ ಯುದ್ಧನೌಕೆ ಟಿರ್ಪಿಟ್ಸ್ ಈ ಹಡಗುಗಳ ಮೇಲೆ ಬೀಳುತ್ತದೆ ಅನ್ನುವ ಭಯ. ಒಂದರಲ್ಲಿ ‘ಡಿಸ್ಪರ್ಸ್’ ಅಂತಿತ್ತು. ಕೆಲವೇ ನಿಮಿಷಕ್ಕೆ ಬಂದ ಇನ್ನೊಂದರಲ್ಲಿ ‘ಸ್ಕ್ಯಾಟರ್’. ಎರಡಕ್ಕೂ ‘ಚದುರಿ’ ಅಂತಲೇ ಬರೆದರೆ ಹೇಳಿದ್ದನ್ನೇ ಸುಮ್ನೆ ಮತ್ತೆ ಹೇಳಿದ ಹಾಗಾಗುತ್ತದೆ.

ಆದರೆ ನಾವಿಕರಿಗೆ ಇವು ಎರಡು ಬೇರೆ ಆಜ್ಞೆ. ಡಿಸ್ಪರ್ಸ್ ಅಂದರೆ ಸಾಲು ಬಿಟ್ಟು, ನಿಮ್ಮ ನಿಮ್ಮ ವೇಗದಲ್ಲಿ ಬಂದರಿಗೆ ಹೋಗಿ ಅಂತ. ಎಲ್ಲರೂ ಹೋಗುವುದು ಒಂದೇ ಕಡೆ, ಹಾಗಾಗಿ ಸ್ವಲ್ಪ ಹೊತ್ತು ಅಕ್ಕಪಕ್ಕದಲ್ಲೇ ಇರುತ್ತಾರೆ. ಸ್ಕ್ಯಾಟರ್ ಅಂದರೆ ಬೀಸಣಿಗೆ ಬಿಚ್ಚಿದ ಹಾಗೆ ಒಂದೊಂದು ಹಡಗು ಒಂದೊಂದು ದಿಕ್ಕಿಗೆ, ಈಗಿಂದೀಗಲೇ. ಆ ಪದ ಕೇಳಿದವರು ಟಿರ್ಪಿಟ್ಸ್ ಇನ್ನೇನು ಕಣ್ಣಿಗೆ ಬೀಳುತ್ತದೆ ಅಂತಲೇ ತಿಳಿದರು. ಕಾವಲಿಗಿದ್ದ ಡೆಸ್ಟ್ರಾಯರ್‌ಗಳು ಅದನ್ನು ಎದುರಿಸಲು ಸರಕು ಹಡಗುಗಳನ್ನು ಬಿಟ್ಟು ಹೊರಟವು. ಟಿರ್ಪಿಟ್ಸ್ ಬರಲೇ ಇಲ್ಲ. ಬಂದದ್ದು ಜಲಾಂತರ್ಗಾಮಿಗಳು, ವಿಮಾನಗಳು. ಆ ಕಡಲಿನಲ್ಲಿ ಜುಲೈ ತಿಂಗಳು ರಾತ್ರಿಯೂ ಸೂರ್ಯ ಮುಳುಗುವುದಿಲ್ಲ. ಒಂಟಿ ಹಡಗಿಗೆ ಕತ್ತಲ ಮರೆಯೂ ಇಲ್ಲ. 24 ಸರಕು ಹಡಗುಗಳು ಮುಳುಗಿದವು. 430 ಟ್ಯಾಂಕು, 210 ವಿಮಾನ ಕಡಲ ತಳ ಸೇರಿದವು. ಇಷ್ಟಾದ ಮೇಲೆ ಈ ಎರಡು ಪದಗಳನ್ನು ಒಂದೇ ಮಾಡಲು ನನಗಂತೂ ಮನಸ್ಸು ಬರುತ್ತಿಲ್ಲ.

ಡಿಸ್ಪರ್ಸ್‌ಗೆ ‘ಚದುರಿ’ ಇರಲಿ ಅನ್ನಿಸುತ್ತದೆ. ಪೊಲೀಸರು ಗುಂಪು ಚದುರಿಸಿದರು ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಚದುರಿದವರು ಕೊನೆಗೆ ಮನೆಗೇ ಹೋಗುತ್ತಾರೆ. ಸ್ಕ್ಯಾಟರ್‌ಗೆ ‘ದಿಕ್ಕಾಪಾಲು’ ಬರೆದೆ, ಹೊಡೆದುಹಾಕಿದೆ. ಅದರಲ್ಲಿ ಗಾಬರಿ ಇದೆ. ಇಲ್ಲಿ ಯಾರು ಎತ್ತ ತಿರುಗಬೇಕು ಅನ್ನುವುದು ಮೊದಲೇ ಗೊತ್ತುಮಾಡಿದ್ದು. ‘ಚೆಲ್ಲಾಪಿಲ್ಲಿ’ಯೂ ಅದೇ ಕಾರಣಕ್ಕೆ ಬೇಡ. ಸದ್ಯಕ್ಕೆ ‘ದಿಕ್ಕಿಗೊಂದಾಗಿ’ ಅಂತ ಇಟ್ಟಿದ್ದೇನೆ. ಹದ್ದಿನ ನೆರಳು ಬಿದ್ದಾಗ ಅಂಗಳದ ಕೋಳಿಮರಿಗಳು ದಿಕ್ಕಿಗೊಂದು ಓಡುತ್ತವಲ್ಲ, ಆ ವೇಗ ಅದರಲ್ಲಿದೆ. ಆದರೆ ಆಜ್ಞೆಯ ಹಾಗೆ ಕೇಳುತ್ತದಾ?

ಕಾನ್ವಾಯ್ ಪದವನ್ನು ಹಾಗೇ ಬಿಟ್ಟಿದ್ದೇನೆ. ‘ಬೆಂಗಾವಲು’ ಅಂದರೆ ಕಾಯುವ ಹಡಗು, ಕಾಯಿಸಿಕೊಳ್ಳುವ ಹಡಗಲ್ಲ, ಅಲ್ವಾ?

ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಒಟ್ಟಿಗೆ ಹೊರಟ ದೋಣಿಗಳು ಬಲೆ ಬೀಸಲು ಬೇರೆ ಬೇರೆ ದಿಕ್ಕಿಗೆ ತಿರುಗುವಾಗ ನಿಮ್ಮಲ್ಲಿ ಏನಂತ ಕೂಗುತ್ತಾರೆ?