ಆರ್‌ಓ ನೀರಿಗೆ ಬದಲಾದ ಮೇಲೆ ಗಪ್ಪಿಗಳು ತಳ ಹಿಡಿದಿವೆ, ಪಿಎಚ್ 6

ಗಪ್ಪಿಮನೆ:
60 ಲೀಟರಿನ ಗಪ್ಪಿ ಮೀನಿನ ತೊಟ್ಟಿ, ಒಂದೂವರೆ ವರ್ಷ ಹಳೆಯದು. ಬೋರ್ ನೀರಿಗೆ ಗಾಜಿನ ಮೇಲೆಲ್ಲ ಬಿಳಿ ಕಲೆ ಕೂರುತ್ತಿತ್ತು. ಅದಕ್ಕೇ ನಾಲ್ಕು ತಿಂಗಳಿಂದ ಬರೀ ಲವಣ ಸೋಸಿ ತೆಗೆದ ಆರ್‌ಓ ನೀರು ಹಾಕುತ್ತಿದ್ದೇನೆ. ಈಗ ಗಪ್ಪಿಗಳು ರೆಕ್ಕೆ ಮುದುಡಿಕೊಂಡು ತಳದಲ್ಲೇ ಕೂತಿರುತ್ತವೆ. ನಿನ್ನೆ ಎರಡು ಸತ್ತವು. ಪಿಎಚ್ ಕಿಟ್ಟಿನಲ್ಲಿ ಬಣ್ಣ ಪೂರ್ತಿ ಹಳದಿ, ಅಂದರೆ 6, ನೀರು ಹುಳಿ (ಆಮ್ಲ) ಆಗಿದೆ. ನೀರೇನೋ ಕನ್ನಡಿ ಥರ ಇದೆ! ಒಂದು ಚಮಚ ಅಡುಗೆ ಸೋಡಾ ಸುರಿದರೆ ಸರಿಹೋಗುತ್ತೆ ಅಂತಾರೆ. ಹಾಕಲಾ?

ಹಳೇತೊಟ್ಟಿ:
ಸುರಿಯಬೇಡಿ. ಮೊದಲು ಕೆಎಚ್ (ಹುಳಿಯನ್ನು ತಡೆಯುವ ಬೈಕಾರ್ಬೋನೇಟಿನ ಅಳತೆ), ಅಮೋನಿಯಾ ಎರಡೂ ನೋಡಿ ಹೇಳಿ.

ಗಪ್ಪಿಮನೆ:
ಕೆಎಚ್ ಕಿಟ್ಟಿನ ಮೊದಲ ಹನಿಗೇ ಹಳದಿ ಆಯ್ತು, ಅಂದರೆ ಹೆಚ್ಚುಕಮ್ಮಿ ಸೊನ್ನೆ. ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ).

ಹಳೇತೊಟ್ಟಿ:
ಅಂದುಕೊಂಡಿದ್ದೇ ಆಯ್ತು. ಆ ಬಿಳಿ ಕಲೆಯೇ ನಿಮ್ಮ ಮೀನುಗಳನ್ನು ಕಾಯುತ್ತಿತ್ತು ನೋಡಿ. ಮಳೆನೀರು ಮಣ್ಣಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಹಾಗೆ ಬೋರ್ ನೀರಿಗೆ ಸೇರುವುದೇ ಬೈಕಾರ್ಬೋನೇಟ್. ನೀರು ಆರಿದಾಗ ಅದು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಕಲೆಯಾಗುತ್ತದೆ, ಅಷ್ಟೇ. ನೀರಿನಲ್ಲಿ ಇರುವಷ್ಟು ದಿನ ಹುಳಿಯನ್ನು ಹಿಡಿದು ಮತ್ತೆ ನೀರು, ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಹುಳಿ ಹುಟ್ಟುತ್ತಲೇ ಇರುತ್ತದೆ. ಆರ್‌ಓ ನೀರಿನಲ್ಲಿ ತಡೆಯಲು ಏನೂ ಇಲ್ಲ. ಪಿಎಚ್ ಇಳಿದ ಮೇಲೆ ಆ ಬ್ಯಾಕ್ಟೀರಿಯಾ ಕೂಡ ಸುಸ್ತಾದವು, ಅಮೋನಿಯಾ ಉಳಿಯಿತು.

ಅಡುಗೆ ಸೋಡಾ ಕೂಡ ಬೈಕಾರ್ಬೋನೇಟೇ, ಆದರೂ ಒಮ್ಮೆಲೇ ಸುರಿಯಬೇಡಿ ಅಂದಿದ್ದು ಇದಕ್ಕೇ. ಪಿಎಚ್ 6ರಲ್ಲಿ ಆ ಅಮೋನಿಯಾ ಹೆಚ್ಚುಕಮ್ಮಿ ಪೂರ್ತಿ ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷವಲ್ಲ. ಒಮ್ಮೆಲೇ ಪಿಎಚ್ 8ಕ್ಕೆ ಹಾರಿದರೆ ವಿಷದ ಪಾಲು ನೂರು ಪಟ್ಟಿನ ಹತ್ತಿರ ಹೆಚ್ಚುತ್ತದೆ. ಬೆಳಗಾಗುವಷ್ಟರಲ್ಲಿ ತೊಟ್ಟಿ ಖಾಲಿ.

ಎರಡು ದಿನ ಊಟ ಬಂದ್. ದಿನಾ 6 ಲೀಟರ್ ತೆಗೆದು ಅಷ್ಟೇ ಆರ್‌ಓ ನೀರನ್ನೇ ಹಾಕಿ, ಅಮೋನಿಯಾ ಇಳಿಯಲಿ. ಅದು ಸೊನ್ನೆಗೆ ಬಂದ ಮೇಲೆ ಕಾಲು ಟೀ ಚಮಚ ಸೋಡಾವನ್ನು ಒಂದು ಮಗ್ ನೀರಿನಲ್ಲಿ ಕದಡಿ ದಿನಕ್ಕೊಮ್ಮೆ ಹಾಕಿ. ನಿಮ್ಮ ತೊಟ್ಟಿಗೆ ಸುಮಾರು 1.8 ಗ್ರಾಂ ಸೋಡಾ ಕೆಎಚ್ ಅನ್ನು 1 ಡಿಗ್ರಿ ಏರಿಸುತ್ತದೆ. 4 ಡಿಗ್ರಿಗೆ ನಿಲ್ಲಿಸಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಹುಳಿಪುಡಿ, ಗಂಜಿ ಎಲ್ಲ ಇರುತ್ತೆ. ಬಟ್ಟೆ ಸೋಡಾ ಅಂತೂ ಬೇಡವೇ ಬೇಡ.

ಆಮೇಲೆ ಅರ್ಧ ಬೋರ್, ಅರ್ಧ ಆರ್‌ಓ ನೀರಿಗೆ ನಿಧಾನವಾಗಿ ಬನ್ನಿ. ಸೋಡಾದಲ್ಲಿ ಕ್ಯಾಲ್ಸಿಯಂ ಇಲ್ಲ, ಗಪ್ಪಿಗೆ ಅದೂ ಬೇಕು. ಗಾಜಿನ ಕಲೆಗೆ ನಿಂಬೆಹಣ್ಣಿನ ಹೋಳು ಸಾಕಲ್ವಾ?

ಚಿಪ್ಪು:
ಸುಮ್ನೆ ಒಂದು ಪ್ರಶ್ನೆ. ಎದೆ ಉರಿಗೆ ನಮ್ಮತ್ತೆ ಇದೇ ಸೋಡಾ ಕುಡಿಯುತ್ತಾರೆ. ಅಲ್ಲೂ ಇದೇ ಕೆಲಸವಾ?

ಹಳೇತೊಟ್ಟಿ:
ಹೂಂ, ಹೊಟ್ಟೆಯ ಆಮ್ಲದ ಜೊತೆ ಸೇರಿ ಗ್ಯಾಸ್ ಆಗುತ್ತೆ, ತೇಗು ಅದರದ್ದೇ. ಆದರೆ ಒಂದು ಟೀ ಚಮಚದಲ್ಲಿ ಒಂದು ಗ್ರಾಮಿಗಿಂತ ಜಾಸ್ತಿ ಸೋಡಿಯಂ ಇದೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಪದೇಪದೇ ಉರಿ ಬರುತ್ತಿದ್ದರೆ ಹೇಗೂ ತೋರಿಸಲೇಬೇಕು. ರಕ್ತದಲ್ಲೂ ಬೈಕಾರ್ಬೋನೇಟ್ ಇದೆ. ನಮಗೆ ಅದನ್ನು ಸರಿತೂಗಿಸಲು ಶ್ವಾಸಕೋಶ, ಕಿಡ್ನಿ ಇವೆ. ತೊಟ್ಟಿಗೆ ನೀವೇ ಕಿಡ್ನಿ.

ಗಪ್ಪಿಮನೆ:
ಹದಿಮೂರನೇ ದಿನ. ಅಮೋನಿಯಾ ಸೊನ್ನೆ, ಕೆಎಚ್ ನಾಲ್ಕನೇ ಹನಿಗೆ ಹಳದಿ (4 ಡಿಗ್ರಿ), ಪಿಎಚ್ 7.4. ಇನ್ನೊಂದು ಮೀನು ಹೋಯಿತು, ಉಳಿದ ಒಂಬತ್ತು ಮೇಲೆ ಬಂದು ಊಟಕ್ಕೆ ಜಗಳ ಆಡುತ್ತಿವೆ. ಗಾಜಿನ ಅಂಚಿನಲ್ಲಿ ಬಿಳಿ ಗೆರೆ ಮತ್ತೆ ಶುರುವಾಗಿದೆ. ಒರೆಸಿಲ್ಲ.